ಲಿವರ್ ಹುಳುವಿಗೆ ಯಾವ ಔಷಧ ಕೊಡಬೇಕು?

ಕೆರೆಯಂಚಿನ ಹುಲ್ಲು ಮೇಯುವ ದನ, ಎಮ್ಮೆ, ಕುರಿಗೆ ಲಿವರ್ ಹುಳು ಬರುವುದು ನೀರಿನ ಬಸವನಹುಳುವಿನ ದೆಸೆಯಿಂದ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿದೆಯಾ? ಸಗಣಿ ಪರೀಕ್ಷೆ ಮಾಡಿಸಿ.

ಆಲ್ಬೆಂಡಜೋಲ್ ಅಗ್ಗ, ಬೇರೆ ಜಂತುಹುಳುವಿಗೂ ಆಗುತ್ತದೆ. ಆದರೆ ಲಿವರ್ ಹುಳುವಿಗೆ ಡೋಸ್ ಜಾಸ್ತಿ ಬೇಕು, ದನಕ್ಕೆ ಕೆಜಿ ತೂಕಕ್ಕೆ 10 ಮಿ.ಗ್ರಾಂ. ಬಲಿತ ಹುಳು ಮಾತ್ರ ಸಾಯುತ್ತದೆ. ಗಬ್ಬ ನಿಂತ ಹೊಸದರಲ್ಲಿ ಇದು ಬೇಡವೇ ಬೇಡ, ಹೊಟ್ಟೆಯ ಕರುವಿಗೆ ಅಪಾಯ.

ಆಕ್ಸಿಕ್ಲೋಜನೈಡ್ ಕೂಡ ಬಲಿತ ಹುಳುವಿಗೇ. ಗಬ್ಬದ ಹಸುವಿಗೆ, ಕರೆಯುವ ಹಸುವಿಗೆ ನಾನು ಇದನ್ನೇ ಆರಿಸುತ್ತೇನೆ.

ಟ್ರೈಕ್ಲಾಬೆಂಡಜೋಲ್ ಕಥೆ ಬೇರೆ. ಮರಿಹುಳುಗಳು ಪಿತ್ತನಾಳ ಸೇರುವ ಮೊದಲು ವಾರಗಟ್ಟಲೆ ಲಿವರನ್ನೇ ಕೊರೆಯುತ್ತಾ ಹೋಗುತ್ತವೆ. ಒಳಗೆ ರಕ್ತ ಸೋರುತ್ತದೆ. ಕುರಿಗಳು ಇದ್ದಕ್ಕಿದ್ದಂತೆ ಸಾಯುವುದು ಈ ಹಂತದಲ್ಲೇ. ಮರಿಹುಳು ಮೊಟ್ಟೆ ಇಡುವುದಿಲ್ಲ, ಹಾಗಾಗಿ ಹಿಕ್ಕೆ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಎರಡು ವಾರದ ಮರಿಹುಳುವನ್ನೂ ಕೊಲ್ಲುವುದು ಈ ಮೂರರಲ್ಲಿ ಇದೊಂದೇ. ಮಂದೆಯಲ್ಲಿ ಸಾವು ಶುರುವಾಗಿದ್ದರೆ ಉಳಿದೆರಡಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಹಾಲು ಕರೆಯುವ ಹಸುವಿಗೆ ಮಾತ್ರ ಕೊಡಬೇಡಿ, ಔಷಧದ ಅಂಶ ಹಾಲಿನಲ್ಲಿ ಬಹಳ ದಿನ ಉಳಿಯುತ್ತದೆ.

ಐವರ್ಮೆಕ್ಟಿನ್ ಇಂಜೆಕ್ಷನ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಲಿವರ್ ಹುಳುವಿಗೆ ಅದು ನಾಟುವುದೇ ಇಲ್ಲ.

ಯಾವುದೇ ಆದರೂ ತೂಕ ಅಂದಾಜು ಮಾಡಿಸಿ, ಪಶುವೈದ್ಯರು ಹೇಳಿದ ಅಳತೆಯಲ್ಲೇ ಕುಡಿಸಿ.