ಮೊಹರಿಲ್ಲದ ನೋಟಿಸನ್ನು ಫ್ರಿಜ್ಜಿನ ಮೇಲಿಟ್ಟಿದ್ದಕ್ಕೆ ತೆತ್ತ ದಂಡ

ಭಾವಮೈದುನ ಸರಕು ಸಾಗಣೆ ವಾಹನ ಕೊಳ್ಳಲು ಹಣಕಾಸು ಕಂಪನಿಯೊಂದರಿಂದ ಸಾಲ ಪಡೆದಾಗ ನಾನು ಜಾಮೀನುದಾರನಾದೆ. ದಾವಣಗೆರೆಯ ಶಾಖೆಯಲ್ಲಿ ಕುಳಿತು, ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಮೂವತ್ತಕ್ಕೂ ಹೆಚ್ಚು ಪುಟಗಳ ಕರಾರುಪತ್ರದಲ್ಲಿ ಗುಮಾಸ್ತ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದ ಕಡೆಯಲ್ಲೆಲ್ಲ ಹತ್ತೇ ನಿಮಿಷದಲ್ಲಿ ಸಹಿ ಹಾಕಿ ಎದ್ದು ಬಂದೆ. ವಿವಾದವೇನಾದರೂ ಹುಟ್ಟಿದರೆ ಕಂಪನಿಯೇ ನೇಮಿಸುವ ಏಕೈಕ ಮಧ್ಯಸ್ಥಗಾರರ, ಅಂದರೆ ನ್ಯಾಯಾಲಯದ ಹೊರಗೆ ವ್ಯಾಜ್ಯ ತೀರ್ಮಾನಿಸುವ ಖಾಸಗಿ ತೀರ್ಪುಗಾರರ ಮುಂದೆ, ಚೆನ್ನೈನಲ್ಲಿ, ಅದು ಇತ್ಯರ್ಥವಾಗತಕ್ಕದ್ದು ಎಂಬ ಷರತ್ತು ಅದರ 27ನೇ ಪುಟದಲ್ಲಿತ್ತು. ಅದನ್ನು ನಾನು ಮೊದಲ ಬಾರಿಗೆ ಓದಿದ್ದು ನಾಲ್ಕು ವರ್ಷಗಳ ಮೇಲೆ, ವಕೀಲರ ಮೇಜಿನ ಮುಂದೆ ಕುಳಿತಾಗ.

ಕಂತುಗಳು ನಿಂತವು, ವಾಹನವನ್ನು ಕಂಪನಿಯವರು ವಶಕ್ಕೆ ತೆಗೆದುಕೊಂಡು ಮಾರಿದರು, ಉಳಿದ ಬಾಕಿಗೆ ನೋಟಿಸು ಬಂತು. ರಿಜಿಸ್ಟರ್ಡ್ ಅಂಚೆಯ ಆ ಲಕೋಟೆಯಲ್ಲಿ ವಕೀಲರೊಬ್ಬರ ಲೆಟರ್‌ಹೆಡ್ ಇತ್ತೇ ಹೊರತು ನ್ಯಾಯಾಲಯದ ಮೊಹರಿರಲಿಲ್ಲ, ನ್ಯಾಯಾಲಯದ ನೋಟಿಸು ತಲುಪಿಸುವ ಅಮೀನ ಬಂದಿರಲಿಲ್ಲ. ಹೆದರಿಸಲು ಬರೆದ ಕಾಗದವೆಂದು ಎಣಿಸಿ ಫ್ರಿಜ್ಜಿನ ಮೇಲಿಟ್ಟೆ. ಎರಡನೆಯದೂ ಅಲ್ಲಿಗೇ ಹೋಯಿತು. ಮೂರನೆಯದು ದಪ್ಪಗಿತ್ತು, ಅದನ್ನು ಒಡೆಯದೆಯೇ ಬೀರುವಿನಲ್ಲಿಟ್ಟೆ. ಅದರೊಳಗಿದ್ದುದು ಮಧ್ಯಸ್ಥಗಾರರು ಸಹಿ ಮಾಡಿದ ಐತೀರ್ಪು, ಅಂದರೆ ಅವರ ಅಂತಿಮ ತೀರ್ಮಾನವಾದ ಅವಾರ್ಡ್.

1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯ 25ನೇ ಕಲಮಿನಂತೆ, ಎದುರುದಾರ ಉತ್ತರ ಕೊಡದಿದ್ದರೂ ವಿಚಾರಣೆಗೆ ಬಾರದಿದ್ದರೂ ಮಧ್ಯಸ್ಥಗಾರರು ತಮ್ಮ ಮುಂದಿರುವ ಸಾಕ್ಷ್ಯದ ಮೇಲೆಯೇ ತೀರ್ಮಾನ ನೀಡಬಹುದು. 36ನೇ ಕಲಮಿನಂತೆ ಆ ತೀರ್ಮಾನವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ, ಅಂದರೆ ಅದರ ತೀರ್ಪಿನ ಆದೇಶದಂತೆಯೇ, ಜಾರಿ ಮಾಡಬಹುದು. ಚೆನ್ನೈನಲ್ಲಿ ಆದದ್ದಕ್ಕೆ ದಾವಣಗೆರೆಯಲ್ಲಿ ಏನು ಬೆಲೆ ಎಂಬ ನನ್ನ ಲೆಕ್ಕವೂ ತಪ್ಪಾಗಿತ್ತು. ಸಾಲಗಾರನ ಆಸ್ತಿ ಎಲ್ಲಿದೆಯೋ ಅಲ್ಲಿನ ನ್ಯಾಯಾಲಯದಲ್ಲೇ ನೇರವಾಗಿ ಅಮಲ್ಜಾರಿ ಅರ್ಜಿ, ಅಂದರೆ ತೀರ್ಮಾನವನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಾನು ಶಾಲಾ ಶಿಕ್ಷಕ. ಮುಖ್ಯೋಪಾಧ್ಯಾಯರು ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಸಂಬಳ ಜಪ್ತಿಯ ಆದೇಶವನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಾಗಲೇ ನನಗೆ ಎಲ್ಲ ಅರ್ಥವಾದದ್ದು.

ವಕೀಲರು ಕೇಳಿದ ಮೊದಲ ಪ್ರಶ್ನೆ, ಸಹಿಯಾದ ಪ್ರತಿ ಕೈಸೇರಿದ್ದು ಯಾವ ದಿನ ಎಂಬುದು. ಐತೀರ್ಪನ್ನು ರದ್ದುಪಡಿಸಿ ಎಂದು 34ನೇ ಕಲಮಿನಡಿ ಕೇಳಲು ಆ ದಿನದಿಂದ ಮೂರು ತಿಂಗಳು, ಸಕಾರಣವಿದ್ದರೆ ಮೇಲೆ 30 ದಿನ; ಅದರಾಚೆ ಒಂದು ದಿನವನ್ನೂ ನ್ಯಾಯಾಲಯ ಮನ್ನಿಸುವಂತಿಲ್ಲ. ನನ್ನ ಲಕೋಟೆ ಬೀರುವಿನಲ್ಲಿ ಐದು ತಿಂಗಳು ಮಲಗಿತ್ತು.

ಮಧ್ಯಸ್ಥಿಕೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗುತ್ತಿಗೆದಾರರಾದ ನನ್ನ ಸ್ನೇಹಿತರೊಬ್ಬರ ಬಾಕಿ ವಿವಾದ ಬೆಂಗಳೂರಿನ ಖನಿಜ ಭವನದ ಮಧ್ಯಸ್ಥಿಕೆ ಕೇಂದ್ರದಲ್ಲಿ ಸಮಾಧಾನಕರವಾಗಿಯೇ ಮುಗಿಯಿತು. ಆದರೆ ಊರ ಪಂಚಾಯ್ತಿಯಲ್ಲೂ ಎರಡೂ ಕಡೆಯವರು ಒಪ್ಪಿದ ಹಿರಿಯರೇ ಕಟ್ಟೆಯ ಮೇಲೆ ಕೂರಬೇಕಲ್ಲವೇ? ವ್ಯಾಜ್ಯದ ಫಲಿತಾಂಶದಲ್ಲಿ ಹಿತಾಸಕ್ತಿಯುಳ್ಳವರು ತಾವೊಬ್ಬರೇ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ನೀಡಿದೆ. ಮೊದಲ ನೋಟಿಸಿಗೇ ಈ ಆಕ್ಷೇಪವನ್ನು ಬರೆದು, ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸಿದ್ದರೆ ಪ್ರಕರಣದ ಹಾದಿಯೇ ಬೇರೆಯಾಗುತ್ತಿತ್ತು. ನನ್ನ ಎರಡನೆಯ ಲಕೋಟೆಯಲ್ಲಿ, ನೇಮಕಕ್ಕೆ ತಕರಾರಿಲ್ಲವೆಂದು ಸಹಿ ಮಾಡಿ ಕಳುಹಿಸಬೇಕಾದ ಒಂದು ಹಾಳೆಯೂ ಇತ್ತು. ಅಂಥದಕ್ಕೆ ಸಹಿ ಹಾಕಬೇಡಿ, ಏಕೆಂದರೆ ಅನರ್ಹ ಮಧ್ಯಸ್ಥಗಾರರನ್ನು ಒಪ್ಪಿಕೊಳ್ಳುವುದಕ್ಕೆ 12(5)ನೇ ಕಲಮು ಕೇಳುವುದು ವಿವಾದ ಹುಟ್ಟಿದ ಮೇಲೆ ಸ್ಪಷ್ಟವಾಗಿ ಬರೆದುಕೊಟ್ಟ ಇಂಥದೇ ಒಪ್ಪಿಗೆಯನ್ನು. ನನ್ನ ಸೋಮಾರಿತನದಿಂದ ಆ ಹಾಳೆ ಖಾಲಿಯಾಗಿಯೇ ಉಳಿದಿತ್ತು. ನನಗಾದ ಒಂದೇ ಉಪಕಾರ ಅದು.

ನೇಮಕವೇ ಊರ್ಜಿತವಲ್ಲ ಎಂಬ ಆಕ್ಷೇಪವನ್ನು ವಕೀಲರು ಈಗ ಅಮಲ್ಜಾರಿ ನ್ಯಾಯಾಲಯದಲ್ಲಿ ಎತ್ತಿದ್ದಾರೆ. ಅದು ಇತ್ಯರ್ಥವಾಗುವ ತನಕ, ಸಂಬಳದ ಮೊದಲ 1,000 ರೂಪಾಯಿ ಬಿಟ್ಟು ಉಳಿದುದರಲ್ಲಿ ಮೂರನೇ ಒಂದು ಪಾಲು ಪ್ರತಿ ತಿಂಗಳೂ ಕಡಿತವಾಗುತ್ತಿದೆ. ಭಾವಮೈದುನ ಫೋನು ಎತ್ತುವುದನ್ನು ನಿಲ್ಲಿಸಿದ್ದಾನೆ.