ಬಿತ್ತನೆಗೆ ಸುವರ್ಣಗಡ್ಡೆ ಕೊಳ್ಳುವವರು ಗಮನಿಸಿ

ಕಳೆದ ವರ್ಷ ಮೇ ಕೊನೆಯಲ್ಲಿ, ಲಾರಿಯಲ್ಲಿ ಬಂದ ವ್ಯಾಪಾರಿಯೊಬ್ಬನಿಂದ ಬೀಜಕ್ಕೆಂದು 600 ಕಿಲೋ ಸುವರ್ಣಗಡ್ಡೆ ಕೊಂಡೆ. ಕಿಲೋಗೆ 30 ರೂಪಾಯಿ. ಕುಂದಾಪುರದ ಹತ್ತಿರ ನಮಗಿರುವ 10 ಗುಂಟೆಗೆ, ಮೂರು ಅಡಿಗೊಂದರಂತೆ ಅರ್ಧ ಕಿಲೋ ತುಂಡು ಹಾಕಿದರೆ ಅಷ್ಟು ಬೇಕು. ‘ಗಜೇಂದ್ರ ತಳಿ, ತುರಿಕೆಯೇ ಇಲ್ಲ’ ಎಂದ. ನಂಬಿದೆ.

ಗಜೇಂದ್ರ ಎಂದರೆ ಆಂಧ್ರದ ಕೊವ್ವೂರಿನ ಕಡೆಯಿಂದ ಬಂದ ತಳಿ. ಮೈ ನುಣುಪು, ಮರಿಗಡ್ಡೆ ಕಟ್ಟುವುದಿಲ್ಲ. ನಾನು ಕೊಂಡ ಗಡ್ಡೆಗಳ ಮೇಲೆ ಮರಿ ಮುರಿದ ಗುರುತುಗಳು ಎದ್ದು ಕಾಣುತ್ತಿದ್ದವು. ದಯವಿಟ್ಟು ಇದೊಂದನ್ನು ನೆನಪಿಡಿ, ಏಕೆಂದರೆ ಕಣ್ಣೆದುರೇ ಇದ್ದದ್ದನ್ನು ನಾನು ನೋಡಲಿಲ್ಲ. ಅರ್ಧಕ್ಕರ್ಧ ಗಡ್ಡೆಗಳನ್ನು ಅವನೇ ಕತ್ತರಿಸಿ ತಂದಿದ್ದ. ಕತ್ತರಿಸಿದ ಮುಖ ಗೋಣಿಯೊಳಗೆ ಬೆವರಿ ಜಿಗುಟಾಗಿತ್ತು, ಎಷ್ಟೋ ತುಂಡುಗಳಲ್ಲಿ ಮೊಳಕೆಯ ಕಣ್ಣೇ ಇರಲಿಲ್ಲ. ಸೆಗಣಿ ಬಗ್ಗಡಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಕಲಸಿ ತುಂಡುಗಳನ್ನು ಅದ್ದಿ, ನೆರಳಿನಲ್ಲಿ ಒಣಗಿಸಿ ನೆಡಬೇಕು. ಮಳೆ ಬಂತೆಂಬ ಅವಸರದಲ್ಲಿ ಅದನ್ನೂ ಬಿಟ್ಟೆ. ಆ ತಪ್ಪು ನನ್ನದು.

ಆಗಸ್ಟ್ ಹೊತ್ತಿಗೆ ಸೊಂಟದೆತ್ತರ ಬೆಳೆದ ದಂಟುಗಳು ಬುಡದಲ್ಲಿ ಮೆತ್ತಗಾಗಿ ಒಂದೊಂದಾಗಿ ಮಲಗಿದವು. ಮಣ್ಣು ಕೆದಕಿದರೆ ಬಿಳಿ ನೂಲು, ಅದರ ನಡುವೆ ಸಾಸಿವೆಯಂಥ ಕಂದು ಕಾಳು. ಅದು ಬುಡಕೊಳೆ ರೋಗ. ಇದನ್ನು ತರುವ ಸ್ಕ್ಲೆರೋಶಿಯಂ ಶಿಲೀಂಧ್ರ ನೆಲಗಡಲೆಯನ್ನೂ ಬಿಡುವುದಿಲ್ಲ. ಸುವರ್ಣಗಡ್ಡೆಗೆ ಮೊದಲು ಆ ಜಾಗದಲ್ಲಿ ನಾನು ಬೆಳೆದಿದ್ದು ನೆಲಗಡಲೆಯನ್ನೇ. ಹಸಿ ಗಾಯದ ತುಂಡುಗಳೇ ಮೊದಲು ಬಿದ್ದವು.

ಫೆಬ್ರುವರಿಯಲ್ಲಿ ಅಗೆದಾಗ 400 ಕಿಲೋ ಕೂಡ ಸಿಗಲಿಲ್ಲ, ನೆಟ್ಟಷ್ಟೂ ತಿರುಗಿ ಬರಲಿಲ್ಲ. ಗಡ್ಡೆ ಹೆಚ್ಚಿದ ಅಮ್ಮನ ಕೈ ಕೆಂಪಾಗಿ ಊದಿತು. ಪಲ್ಯ ತಿಂದ ಮಗಳು ಗಂಟಲು ಹಿಡಿದುಕೊಂಡು ಅತ್ತಳು. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಚುಚ್ಚುವ ಉರಿ ಅದು. ಪೇಟೆಯ ತರಕಾರಿ ಅಂಗಡಿಯವರು ಒಂದು ಗೋಣಿಯನ್ನೂ ಇಳಿಸಿಕೊಳ್ಳಲಿಲ್ಲ. ವ್ಯಾಪಾರಿಯ ಮೊಬೈಲ್ ಅಂದಿನಿಂದ ಬಂದ್.

ಬೇಸಿಗೆಯಲ್ಲಿ ಇಂಥ ಲಾರಿಗಳು ಮತ್ತೆ ಬರುತ್ತವೆ. ಇಡೀ ಗಡ್ಡೆಯನ್ನೇ ಕೊಳ್ಳಿ, ಕತ್ತರಿಸಿದ್ದು ಬೇಡ. ಅದಕ್ಕೂ ಮೊದಲು ಒಂದು ಗಡ್ಡೆಯನ್ನು ಮನೆಗೆ ತಂದು ಬರಿ ನೀರಿನಲ್ಲಿ ಬೇಯಿಸಿ, ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ. ಹುಣಸೆಹುಳಿ ಹಾಕಬೇಡಿ, ಹುಳಿ ಬಿದ್ದರೆ ತುರಿಕೆ ಅಡಗಿಬಿಡುತ್ತದೆ. ಹಣ ಕೊಡುವುದು ಆಮೇಲೆ.