ಪಿಟೀಲಿನ ಜೊತೆಗೊಂದು ವಾದ್ಯ: ವಿಯೋಲಾ, ಮ್ಯಾಂಡೊಲಿನ್, ವೀಣೆ

ಇಪ್ಪತ್ತೆರಡು ವರ್ಷ ಕರ್ನಾಟಕ ಸಂಗೀತದ ಪಿಟೀಲೊಂದನ್ನೇ ನುಡಿಸಿಕೊಂಡು ಬಂದ ನನಗೆ ಮತ್ತೊಂದು ವಾದ್ಯದ ಯೋಚನೆ ಬಂದದ್ದು ಒಂದು ಸಣ್ಣ ಕಿರಿಕಿರಿಯಿಂದ. ನಾನು ಆಗಾಗ ಪಕ್ಕವಾದ್ಯ ನುಡಿಸುವ ಗಾಯಕರೊಬ್ಬರದು ಒಂದನೇ ಮನೆಯ ಶ್ರುತಿ, ಎಂದರೆ ಹಾರ್ಮೋನಿಯಂನ ಸಿ ಮನೆಯೇ ಅವರ ಷಡ್ಜ. ಅಷ್ಟು ಕೆಳಗೆ ಇಳಿಸಿದಾಗ ಪಿಟೀಲಿನ ಮಂದ್ರ ಷಡ್ಜದ (ಕೆಳ ಸ್ಥಾಯಿಯ ‘ಸ’) ತಂತಿ ಸಡಿಲವಾಗಿ, ಕಮಾನಿನ ಕೆಳಗೆ ನಾದ ಬಿಡುವ ಬದಲು ಗೊರಗುಟ್ಟುತ್ತದೆ. ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿರುವ ಊರಿನಲ್ಲಿ ಬೇರೆ ವಾದ್ಯವನ್ನು ಹುಡುಕುವುದು ಸ್ವಲ್ಪ ದ್ರೋಹದಂತೆ ಕಂಡರೂ, ಒಂದೂವರೆ ವರ್ಷದಲ್ಲಿ ಮೂರು ವಾದ್ಯಗಳನ್ನು ಮನೆಗೆ ತಂದು ನೋಡಿದೆ.

ಮೊದಲು ಬಂದದ್ದು ಸ್ನೇಹಿತರಿಂದ ಎರವಲು ಪಡೆದ ವಿಯೋಲಾ, ಪಿಟೀಲಿನಂಥದ್ದೇ ಆದರೆ ತುಸು ದೊಡ್ಡದಾದ ವಾದ್ಯ. ಪಾಶ್ಚಾತ್ಯ ಪದ್ಧತಿಯಲ್ಲಿ ಅದರ ತಂತಿಗಳನ್ನು ಕೆಳಗಿನಿಂದ ಸಿ, ಜಿ, ಡಿ, ಎ ಎಂದು ಕೂಡಿಸುತ್ತಾರೆ. ಒಂದನೇ ಮನೆಯ ಶ್ರುತಿಗೆ ಕೆಳಗಿನ ಎರಡು ತಂತಿಗಳು ಇದ್ದಲ್ಲಿಯೇ ಷಡ್ಜ, ಪಂಚಮಗಳಾಗುತ್ತವೆ. ಮೇಲಿನ ಎರಡನ್ನು ಒಂದೊಂದು ಪೂರ್ಣ ಸ್ವರದಷ್ಟು ಇಳಿಸಿದರೆ ಸಾಕು. ಪಿಟೀಲಿನಲ್ಲಾದರೆ ಕೆಳಗಿನ ಜಿ ತಂತಿಯನ್ನೇ ಮೂರೂವರೆ ಪೂರ್ಣ ಸ್ವರದಷ್ಟು ಕೆಳಗಿಳಿಸಬೇಕು. ಬಾಲಮುರಳಿಕೃಷ್ಣ ಅವರಂಥ ಗಾಯಕರು ವಿಯೋಲಾವನ್ನೂ ಏಕೆ ಕೈಗೆತ್ತಿಕೊಂಡರೆಂಬುದನ್ನು ಆ ಮಂದ್ರ ಷಡ್ಜವನ್ನು ಎಳೆದ ಮೊದಲ ದಿನವೇ ಊಹಿಸಿದೆ. ಕಲಿಯುವ ಕಷ್ಟವೂ ಕಡಿಮೆ. ಬೆರಳುಗಳನ್ನು ಇನ್ನಷ್ಟು ಅಗಲಿಸಬೇಕು, ದಪ್ಪ ತಂತಿ ಮಾತಾಡಲು ತುಸು ತಡಮಾಡುವುದರಿಂದ ವೇಗದ ಸಂಗತಿಗಳನ್ನು (ಒಂದೇ ಸಾಲಿನ ಬಗೆಬಗೆಯ ರೂಪಗಳನ್ನು) ಕಮಾನಿನ ಹಿಡಿತ ಬಿಗಿಮಾಡಿ ನುಡಿಸಬೇಕು, ಅಷ್ಟೇ. ಆದರೆ ಮೂರು ತಿಂಗಳಾದ ಮೇಲೆ ನಾನು ಹೊಸದಾಗಿ ಏನನ್ನೂ ಕಲಿತಿರಲಿಲ್ಲ. ನನ್ನ ಹಳೆಯ ಪಿಟೀಲನ್ನೇ ದಪ್ಪ ದನಿಯಲ್ಲಿ ನುಡಿಸುತ್ತಿದ್ದೆ. ತಂತಿ ಸಿಗುವುದೂ ಸುಲಭವಲ್ಲ. ಬಳೇಪೇಟೆಯ ಅಂಗಡಿಯೊಂದರಲ್ಲಿ ವಿಯೋಲಾದ್ದೆಂದು ಕೊಟ್ಟದ್ದು ಪಿಟೀಲಿನ ತಂತಿಯಾಗಿತ್ತು; ಬಿರಡೆಗೆ ಸುತ್ತಲು ಹೋದಾಗ ಗಿಡ್ಡವಾಯಿತು.

ಮ್ಯಾಂಡೊಲಿನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತಂತಿಗಳ ಉದ್ದ ಹೆಚ್ಚುಕಡಿಮೆ ಪಿಟೀಲಿನಷ್ಟೇ, ಕೂಡಿಸುವ ಕ್ರಮವೂ ಅದೇ, ಹಾಗಾಗಿ ಎಡಗೈಗೆ ದಾರಿ ಮೊದಲೇ ಗೊತ್ತು. ಆದರೆ ಸ್ವರ ಇರುವ ಜಾಗದಲ್ಲಿಯೇ ಬೆರಳಿಡುವ ಪಿಟೀಲಿನ ಅಭ್ಯಾಸ ಇಲ್ಲಿ ತೊಡಕಾಗುತ್ತದೆ, ಏಕೆಂದರೆ ಬೆರಳು ಮೆಟ್ಟಿಲಿನ (ತಂತಿಯ ಕೆಳಗೆ ಸ್ವರಕ್ಕೊಂದರಂತೆ ಇರುವ ಅಡ್ಡಪಟ್ಟಿ) ಮೇಲೆ ಬಿದ್ದರೆ ನಾದ ಸತ್ತುಹೋಗುತ್ತದೆ. ತುಸು ಹಿಂದಕ್ಕೆ ಒತ್ತಬೇಕು. ಸಾಮಾನ್ಯ ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ಎಳೆದು ಗಮಕ (ಸ್ವರದ ತೂಗಾಟ) ತೆಗೆಯುವುದು ನನ್ನ ಬೆರಳಿಗೆ ಒಗ್ಗಲಿಲ್ಲ. ಯು. ಶ್ರೀನಿವಾಸ್ ಅವರು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನುಡಿಸುತ್ತಿದ್ದುದರ ಅರ್ಥ ಆಗ ತಿಳಿಯಿತು. ಆರು ವಾರಗಳಲ್ಲಿ ಅದನ್ನು ಹಿಂದಿರುಗಿಸಿದೆ.

ವೀಣೆ ಬಂದದ್ದು ಅತ್ತೆಯವರ ಮನೆಯ ಅಟ್ಟದಿಂದ, ಬಸವನಗುಡಿಗೆ ಆಟೋದಲ್ಲಿ, ನನ್ನ ತೊಡೆಯ ಮೇಲೆ ಅಡ್ಡಲಾಗಿ, ದಂಡಿಯ ತುದಿ ಹೊರಗೆ ಚಾಚಿಕೊಂಡು. ಮೇಣ ಸಡಿಲವಾಗಿ ಕೆಲವು ಮೆಟ್ಟಿಲುಗಳು ಅಲುಗಾಡುತ್ತಿದ್ದುದರಿಂದ ಮೊದಲು ಮೇಳ ಕಟ್ಟಿಸಬೇಕಾಯಿತು, ಎಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸಬೇಕಾಯಿತು. ಇಲ್ಲಿಯೂ ನುಡಿಸುವ ತಂತಿಗಳು ನಾಲ್ಕೇ, ಹೆಸರುಗಳೂ ಷಡ್ಜ, ಪಂಚಮಗಳೇ. ಆದರೆ ಪಿಟೀಲಿನಲ್ಲಿ ಎಲ್ಲಕ್ಕಿಂತ ಮೇಲಿನ ತಂತಿ ಪಂಚಮವಾದರೆ ವೀಣೆಯಲ್ಲಿ ಅದು ಮಧ್ಯ ಷಡ್ಜದ ಸಾರಣಿ. ಮಧ್ಯಮ ದಾಟಿದೊಡನೆ ಪಕ್ಕದ ತಂತಿಗೆ ಹಾರುವ ಪಿಟೀಲುಗಾರನಿಗೆ ಇಲ್ಲಿ ಹಾರಲು ತಂತಿಯೇ ಇಲ್ಲ. ಇಪ್ಪತ್ತನಾಲ್ಕು ಮೆಟ್ಟಿಲುಗಳ ಎರಡು ಸ್ಥಾಯಿಯನ್ನು ಅದೊಂದರ ಮೇಲೆಯೇ ನಡೆದು ಮುಗಿಸಬೇಕು. ಎಡಗೈಯ ತೋರುಬೆರಳು ಮತ್ತು ನಡುಬೆರಳಿಗಷ್ಟೇ ಕೆಲಸ. ಉಂಗುರದ ಬೆರಳು ತಿಂಗಳುಗಟ್ಟಲೆ ಸುಮ್ಮನೆ ತಂತಿಯ ಕಡೆಗೆ ಚಾಚುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಬಲಗೈಗೆ. ಕಮಾನು ಇರುವವರೆಗೆ ನಾದಕ್ಕೆ ಕೊನೆಯಿಲ್ಲವೆಂಬ ಭರವಸೆಯಲ್ಲಿ ನಾನು ಗಮಕವನ್ನು ನಿಧಾನವಾಗಿ, ಒಂದಿಷ್ಟು ಸೋಮಾರಿಯಾಗಿಯೇ ಬಿಡಿಸುತ್ತಿದ್ದೆ. ಮೀಟಿದ ಕ್ಷಣದಿಂದಲೇ ನಾದ ಕರಗತೊಡಗುವ ವೀಣೆಯಲ್ಲಿ ಅದು ನಡೆಯುವುದಿಲ್ಲ. ತೋಡಿ ರಾಗದ ಗಾಂಧಾರವನ್ನು ವೀಣೆಯ ಗುರುಗಳು ಋಷಭದ ಮೆಟ್ಟಿಲಿನ ಮೇಲೆಯೇ ತಂತಿ ಎಳೆಸಿ ಹೇಳಿಕೊಟ್ಟರು. ನನ್ನ ಮೂರನೆಯ ತೂಗಾಟದ ಹೊತ್ತಿಗೆ ಕೇಳಲು ಏನೂ ಉಳಿದಿರಲಿಲ್ಲ. ಇನ್ನೊಮ್ಮೆ ಮೀಟಲು ಹೋದಾಗ ಅವರು ನನ್ನ ಕೈ ಹಿಡಿದು, ಒಂದೇ ಮೀಟಿನಲ್ಲಿ ಎಲ್ಲವೂ ಬರಬೇಕೆಂದರು. ಆ ಪಾಠದ ನಂತರ ಪಿಟೀಲಿನಲ್ಲಿ ನನ್ನ ತೋಡಿ ಗಮನಿಸುವಷ್ಟು ಬಿಗಿಯಾಯಿತು. ವಿಯೋಲಾ ಮೂರು ತಿಂಗಳಲ್ಲಿ ಕೊಡದಿದ್ದುದು ಇದೇ.

ತೊಂದರೆಗಳೂ ಇವೆ. ಬೆರಳು ಸಲೀಸಾಗಿ ಜಾರಲೆಂದು ವೀಣೆಗೆ ಕುಳಿತಾಗ ತುದಿಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇನೆ. ಒಂದು ಸಂಜೆ ಕೈ ತೊಳೆಯದೆ ಕಮಾನನ್ನು ಎತ್ತಿಕೊಂಡೆ. ಎಣ್ಣೆ ತಗುಲಿದ ಕೂದಲು ರಾಳವನ್ನು ಹಿಡಿಯದೆ ತಂತಿಯ ಮೇಲೆ ಸದ್ದಿಲ್ಲದೆ ಜಾರತೊಡಗಿತು. ಕೊನೆಗೆ ಕೂದಲನ್ನೇ ಬದಲಾಯಿಸಬೇಕಾಯಿತು. ವೀಣೆಯ ತಂತಿ ಬೆರಳತುದಿಯಲ್ಲಿ ಕೊರೆಯುವ ಗೀರೂ ಕಛೇರಿಯ ಹಿಂದಿನ ದಿನ ಪಿಟೀಲಿಗೆ ಹಿತವಲ್ಲ.

ಒಂದನೇ ಮನೆಯ ಶ್ರುತಿಯೊಂದೇ ತೊಂದರೆಯಾದವರು ವಿಯೋಲಾ ತೆಗೆದುಕೊಳ್ಳಲಿ, ಒಂದು ತಿಂಗಳಲ್ಲಿ ಕಛೇರಿಗೆ ಕೂರಬಹುದು. ನನ್ನ ಆಯ್ಕೆ ವೀಣೆ, ಆ ಗಾಯಕರಿಗೆ ಅದರಿಂದ ಯಾವ ಉಪಕಾರವೂ ಆಗಲಿಲ್ಲವಾದರೂ. ಅವರ ಜೊತೆ ನುಡಿಸುವಾಗ ಈಗಲೂ ಸ್ನೇಹಿತರ ವಿಯೋಲಾವನ್ನೇ ಬೇಡಿ ತರುತ್ತೇನೆ. ವೀಣೆಗೆ ಬೆಳಗಿನ ಹೊತ್ತು, ಪಿಟೀಲಿಗೆ ಸಂಜೆ. ಎಣ್ಣೆಯ ಬಟ್ಟಲನ್ನು ಅಡುಗೆಮನೆಯಿಂದ ಈಚೆಗೆ ತರುವುದಿಲ್ಲ.